ಓದುಗರ ಪ್ರಶ್ನೆ, ನಮ್ಮ ಉತ್ತರ: ಮೊದಲ ಗೇಮಿಂಗ್ ಕಂಪ್ಯೂಟರಿಗೆ ಎಂಥ ಮದರ್‌ಬೋರ್ಡ್?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮದರ್‌ಬೋರ್ಡಿನ, ಅಂದರೆ ಪ್ರೊಸೆಸರ್, ರ‍್ಯಾಮ್ ಮುಂತಾದ ಭಾಗಗಳೆಲ್ಲ ಕೂರುವ ಮುಖ್ಯ ಹಲಗೆಯ ಸುತ್ತಲೇ ಇದ್ದುದರಿಂದ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ.

ಪ್ರಶ್ನೆ: ನಾನು ಇಂಜಿನಿಯರಿಂಗ್ ಮೂರನೆಯ ವರ್ಷದಲ್ಲಿ ಓದುತ್ತಿದ್ದೇನೆ. ಮಾನಿಟರ್ ಬಿಟ್ಟು 85,000 ರೂಪಾಯಿಯೊಳಗೆ ಒಂದು ಗೇಮಿಂಗ್ ಕಂಪ್ಯೂಟರನ್ನು ನಾನೇ ಜೋಡಿಸಬೇಕೆಂದಿದ್ದೇನೆ. ಎಎಂಡಿ ಕಂಪನಿಯ ರೈಜೆನ್ 5 7600 ಪ್ರೊಸೆಸರ್ ಎಂದು ನಿರ್ಧಾರವಾಗಿದೆ. ಬೋರ್ಡಿನ ವಿಷಯದಲ್ಲಿ ಮಾತ್ರ ಗೊಂದಲ. ಮೈಸೂರಿನ ಒಂದು ಅಂಗಡಿಯವರು ‘ಗೇಮಿಂಗಿಗೆ ಇದೇ ಬೇಕು’ ಎಂದು 27,000 ರೂಪಾಯಿಯ ಬೋರ್ಡ್ ತೋರಿಸಿದರು. ಇನ್ನೊಬ್ಬರು ಎ620 ಚಿಪ್‌ಸೆಟ್ಟಿನ (ಬೋರ್ಡಿನ ಸೌಲಭ್ಯಗಳನ್ನು ನಿರ್ಧರಿಸುವ ಚಿಪ್ಪು) 8,000 ರೂಪಾಯಿಯದೇ ಸಾಕು ಎಂದರು. ಮೂರು ವರ್ಷದ ನಂತರ ಪ್ರೊಸೆಸರ್ ಬದಲಿಸುವ ಆಸೆಯೂ ಇದೆ. ಯಾರ ಮಾತು ಕೇಳಲಿ?
– ವಿದ್ಯಾರ್ಥಿ, ಮಂಡ್ಯ

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಪಕ್ಕಕ್ಕಿಡಿ. ಆಟದಲ್ಲಿ ಪರದೆಯ ಮೇಲೆ ಸೆಕೆಂಡಿಗೆ ಎಷ್ಟು ಫ್ರೇಮ್ ಮೂಡಬೇಕು ಎಂಬುದನ್ನು ತೀರ್ಮಾನಿಸುವುದು ಮೊದಲು ಗ್ರಾಫಿಕ್ಸ್ ಕಾರ್ಡ್, ನಂತರ ಪ್ರೊಸೆಸರ್, ಆಮೇಲೆ ರ‍್ಯಾಮ್. ಅದೇ ಪ್ರೊಸೆಸರನ್ನೂ ಅದೇ ಕಾರ್ಡನ್ನೂ 13,000ದ ಬೋರ್ಡಿನಲ್ಲಿ ಕೂರಿಸಿದರೂ 27,000ದ ಬೋರ್ಡಿನಲ್ಲಿ ಕೂರಿಸಿದರೂ, ಎರಡು ಬೋರ್ಡುಗಳೂ ನೆಟ್ಟಗಿದ್ದ ಪಕ್ಷದಲ್ಲಿ, ನಿಮ್ಮ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಹೆಚ್ಚಿನ ಬೆಲೆಗೆ ಸಿಗುವುದು ಇನ್ನೂ ನಾಲ್ಕು ಯುಎಸ್‌ಬಿ ಕಿಂಡಿ, ಇನ್ನೂ ಒಂದೆರಡು ಎಸ್‌ಎಸ್‌ಡಿ ಕೂರಿಸುವ ಜಾಗ, ದಪ್ಪನೆಯ ಹೀಟ್‌ಸಿಂಕ್ (ಬಿಸಿಯನ್ನು ಹೀರುವ ಲೋಹದ ತುಂಡು) ಮತ್ತು ಬಣ್ಣದ ದೀಪಗಳು. ಡಬ್ಬದ ಮೇಲೆ ‘ಗೇಮಿಂಗ್’ ಎಂದು ಅಚ್ಚು ಹಾಕಲು ಯಾವ ಮಾನದಂಡವೂ ಇಲ್ಲ. ಹೋಟೆಲಿನ ಬೋರ್ಡಿನ ಮೇಲಿನ ‘ಸ್ಪೆಷಲ್’ ಎಂಬ ಮಾತಿಗೆ ಎಷ್ಟು ಬೆಲೆಯೋ ಇದಕ್ಕೂ ಅಷ್ಟೇ. 85,000ದಲ್ಲಿ 27,000 ಬೋರ್ಡಿಗೇ ಹೋದರೆ ಹತ್ತಿರ ಹತ್ತಿರ ಮೂರನೆಯ ಒಂದು ಪಾಲು ಮುಗಿಯಿತು. ಗ್ರಾಫಿಕ್ಸ್ ಕಾರ್ಡಿನಲ್ಲಿ ಒಂದು ಮೆಟ್ಟಿಲು ಕೆಳಗಿಳಿಯಬೇಕಾಗುತ್ತದೆ, ಆ ನಷ್ಟ ಮಾತ್ರ ಪ್ರತಿದಿನ ಕಣ್ಣಿಗೆ ಕಾಣುತ್ತದೆ. ನನ್ನ ಲೆಕ್ಕದಲ್ಲಿ ನಿಮ್ಮಂಥ ಕಂಪ್ಯೂಟರಿನಲ್ಲಿ ಬೋರ್ಡಿಗೆ ಒಟ್ಟು ಹಣದ ಆರರಲ್ಲಿ ಒಂದು ಪಾಲಿಗಿಂತ ಹೆಚ್ಚು ಹೋಗಬಾರದು.

ಹಾಗೆಂದು 8,000ದ ಬೋರ್ಡ್ ಸಾಕು ಎಂದು ನಾನು ಹೇಳಲಾರೆ. ಅದಕ್ಕೆ ಕಾರಣ ನಿಮ್ಮ ಪತ್ರದ ಕೊನೆಯಲ್ಲೇ ಇದೆ: ಮೂರು ವರ್ಷದ ನಂತರ ಪ್ರೊಸೆಸರ್ ಬದಲಿಸುವ ಆಸೆ.

ಪ್ರೊಸೆಸರ್ ಕೂರುವ ಸಾಕೆಟ್ಟನ್ನು ಮೊದಲು ನೋಡೋಣ. ರೈಜೆನ್ 7600 ಕೂರುವುದು ಎಎಂ5 ಎಂಬ ಸಾಕೆಟ್ಟಿನಲ್ಲಿ. 2022ರಲ್ಲಿ ಬಂದ ಈ ಸಾಕೆಟ್ಟಿನಲ್ಲಿ ರೈಜೆನ್ 7000, 8000 ಮತ್ತು 2024ರ 9000 ಸರಣಿಗಳು ಕೂರುತ್ತವೆ; 2027 ಮತ್ತು ಅದರಾಚೆಗೂ ಇದನ್ನು ಮುಂದುವರಿಸುವುದಾಗಿ ಎಎಂಡಿ ಹೇಳಿದೆ. ಕಂಪನಿಗಳ ಇಂಥ ಮಾತನ್ನು ಎಷ್ಟು ನಂಬಬಹುದು ಎಂದು ನೀವು ಕೇಳಬಹುದು. ಹಿಂದಿನ ಎಎಂ4 ಸಾಕೆಟ್ಟಿನ ಕಥೆ ಇಲ್ಲಿ ನೆರವಿಗೆ ಬರುತ್ತದೆ: 2017ರಲ್ಲಿ ಮೊದಲ ರೈಜೆನ್ ಜೊತೆ ಕೊಂಡ ಎಷ್ಟೋ ಬೋರ್ಡುಗಳಿಗೆ, ಮಧ್ಯೆ ಸ್ವಲ್ಪ ಹಗ್ಗಜಗ್ಗಾಟ ನಡೆದರೂ, 2022ರಲ್ಲಿ ಬಯಾಸ್ (ಬೋರ್ಡಿನೊಳಗೇ ಇದ್ದು ಕಂಪ್ಯೂಟರನ್ನು ಎಬ್ಬಿಸುವ ತಂತ್ರಾಂಶ) ಬದಲಿಸಿ ರೈಜೆನ್ 5000 ಸರಣಿಯ ಪ್ರೊಸೆಸರ್ ಹಾಕಲು ಸಾಧ್ಯವಾಯಿತು. ಇಂಟೆಲ್ ಕಡೆ ಬದಲಾವಣೆ ಬೇಗ ಬೇಗ ಆಗುತ್ತದೆ. 2021ರ ಎಲ್‌ಜಿಎ 1700 ಸಾಕೆಟ್ 12, 13, 14ನೆಯ ತಲೆಮಾರುಗಳಿಗೆ ಬಂದು, 2024ರಲ್ಲಿ ಎಲ್‌ಜಿಎ 1851ಕ್ಕೆ ಜಾಗ ಬಿಟ್ಟುಕೊಟ್ಟಿತು. ಬದಲಿಸುವ ಯೋಚನೆ ಇರುವ ನಿಮಗೆ ಎಎಂ5 ಒಳ್ಳೆಯ ಆಯ್ಕೆಯೇ.

ಈಗ ಎ620 ಬೋರ್ಡಿನ ಮಾತು. ಇಂದಿನ 7600 ಅದರ ಮೇಲೆ ಯಾವ ತಕರಾರೂ ಇಲ್ಲದೆ ಓಡುತ್ತದೆ. ಆದರೆ ಈ ವರ್ಗದ ಎಷ್ಟೋ ಬೋರ್ಡುಗಳು ಮುಂದೆ ನೀವು ಹಾಕಬಹುದಾದ, ಹೆಚ್ಚು ವಿದ್ಯುತ್ ಎಳೆಯುವ ಪ್ರೊಸೆಸರುಗಳಿಗೆ ತಕ್ಕಂತೆ ಕಟ್ಟಿದವಲ್ಲ. ಇದು ಏಕೆ ಎಂದು ತಿಳಿಯಲು ಪ್ರೊಸೆಸರಿನ ಪಕ್ಕದಲ್ಲಿ ಸಾಲಾಗಿ ಕುಳಿತಿರುವ ಸಣ್ಣ ಚೌಕದ ಬಿಲ್ಲೆಗಳನ್ನು ನೋಡಬೇಕು. ಮನೆಯ ಕರೆಂಟನ್ನು ಕಂಪ್ಯೂಟರಿಗೆ ಒಗ್ಗಿಸಿ ಕೊಡುವ ಎಸ್‌ಎಂಪಿಎಸ್‌ನಿಂದ ಬೋರ್ಡಿಗೆ ಬರುವುದು 12 ವೋಲ್ಟ್. ಪ್ರೊಸೆಸರಿಗೆ ಬೇಕಾದುದು ಸುಮಾರು 1.2 ವೋಲ್ಟ್. ನೀವು ಮಂಡ್ಯದವರಾದ್ದರಿಂದ ಹೇಳುವುದು ಸುಲಭ: ಕೆಆರ್‌ಎಸ್‌ನಿಂದ ವಿಶ್ವೇಶ್ವರಯ್ಯ ನಾಲೆಗೆ ಬಿಟ್ಟ ನೀರು ಹಾಗೆಯೇ ಗದ್ದೆಗೆ ನುಗ್ಗಿದರೆ ಪೈರು ಉಳಿಯುವುದಿಲ್ಲ, ತೂಬಿನಲ್ಲಿ ಅಳೆದು ಬಿಡಬೇಕು. ಬೋರ್ಡಿನ ಮೇಲಿನ ತೂಬುಗಳೇ ಈ ಬಿಲ್ಲೆಗಳು. ಇವುಗಳ ಗುಂಪಿಗೆ ವಿಆರ್‌ಎಂ ಎನ್ನುತ್ತಾರೆ. ಒಂದು ಪ್ರೊಸೆಸರ್ 80 ವ್ಯಾಟನ್ನು 1.2 ವೋಲ್ಟಿನಲ್ಲಿ ಎಳೆದರೆ 66 ಆಂಪಿಯರಿಗೂ ಹೆಚ್ಚು ಕರೆಂಟ್ ಈ ತೂಬುಗಳ ಮೂಲಕ ಹರಿಯಬೇಕು. ನಿಮ್ಮ ಮನೆಯ ಗೀಸರಿನ ಪ್ಲಗ್ಗು 16 ಆಂಪಿಯರಿನದು ಎಂಬುದನ್ನು ನೆನೆದರೆ ಇದೆಷ್ಟು ಎಂದು ಅಂದಾಜಾಗುತ್ತದೆ. ತೂಬುಗಳ ಸಂಖ್ಯೆ ಹೆಚ್ಚಿದ್ದರೆ ಹೊರೆ ಹಂಚಿಹೋಗುತ್ತದೆ. ಕಡಿಮೆ ಇದ್ದು ಮೇಲೆ ಹೀಟ್‌ಸಿಂಕ್ ಕೂಡ ಇಲ್ಲದಿದ್ದರೆ ಅವು ಕಾದು, ತಮ್ಮನ್ನು ಉಳಿಸಿಕೊಳ್ಳಲು ಪ್ರೊಸೆಸರಿನ ವೇಗವನ್ನೇ ಇಳಿಸುತ್ತವೆ. ಏಪ್ರಿಲ್ ತಿಂಗಳ ಮಧ್ಯಾಹ್ನ, ಫ್ಯಾನಿನ ಗಾಳಿಯೇ ಬಿಸಿಯಾಗಿರುವ ಕೋಣೆಯಲ್ಲಿ ಇದು ಬೇಗನೆ ಅನುಭವಕ್ಕೆ ಬರುತ್ತದೆ.

ಆದ್ದರಿಂದ ನೀವು ಹುಡುಕಬೇಕಾದುದು ಬಿ650 ಅಥವಾ ಬಿ850 ಚಿಪ್‌ಸೆಟ್ ಇರುವ, ವಿಆರ್‌ಎಂ ಮೇಲೆ ಲೋಹದ ಹೀಟ್‌ಸಿಂಕ್ ಕೂರಿಸಿರುವ, ಮೈಕ್ರೋ ಎಟಿಎಕ್ಸ್ ಅಳತೆಯ ಬೋರ್ಡನ್ನು. ಎಕ್ಸ್ ಅಕ್ಷರದಿಂದ ಆರಂಭವಾಗುವ ಎಕ್ಸ್670, ಎಕ್ಸ್870 ಬೋರ್ಡುಗಳ ಹತ್ತಿರ ಹೋಗುವುದೇ ಬೇಡ. ಅಳತೆಯ ವಿಷಯ ಒಂದೇ ಮಾತಿನಲ್ಲಿ ಮುಗಿಯುತ್ತದೆ: ಎಟಿಎಕ್ಸ್ ಬೋರ್ಡ್ 305ಕ್ಕೆ 244 ಮಿಲಿಮೀಟರ್, ಮೈಕ್ರೋ ಎಟಿಎಕ್ಸ್ 244ಕ್ಕೆ 244 ಮಿಲಿಮೀಟರ್, ದೊಡ್ಡ ಕ್ಯಾಬಿನೆಟ್ಟಿನಲ್ಲಿ ಸಣ್ಣ ಬೋರ್ಡ್ ಕೂರುತ್ತದೆ, ಸಣ್ಣ ಕ್ಯಾಬಿನೆಟ್ಟಿನಲ್ಲಿ ದೊಡ್ಡದು ಕೂರುವುದಿಲ್ಲ.

ರ‍್ಯಾಮಿನ ವಿಷಯದಲ್ಲಿ ಅಂಗಡಿಯವರು ನಾಲ್ಕು ಸ್ಲಾಟ್ ಇರುವ ಬೋರ್ಡನ್ನೇ ಹೊಗಳುತ್ತಾರೆ. ಎಎಂ5 ಮಟ್ಟಿಗೆ ಈ ಹೊಗಳಿಕೆಗೆ ಹೆಚ್ಚು ಅರ್ಥವಿಲ್ಲ. ಈ ಸಾಕೆಟ್ಟಿನಲ್ಲಿ ಡಿಡಿಆರ್5 ಎಂಬ ಬಗೆಯ ರ‍್ಯಾಮ್ ಮಾತ್ರ ನಡೆಯುತ್ತದೆ. ರೈಜೆನ್ 7000 ಸರಣಿಗೆ ಎಎಂಡಿ ಅಧಿಕೃತವಾಗಿ ಹೇಳುವ ವೇಗ ಎರಡು ಕಡ್ಡಿಗಳಿದ್ದಾಗ 5200, ನಾಲ್ಕು ಕಡ್ಡಿಗಳಿದ್ದಾಗ 3600. ಅಂದರೆ ನಾಲ್ಕೂ ಸ್ಲಾಟ್ ತುಂಬಿದ ದಿನ ರ‍್ಯಾಮ್ ನಿಧಾನವಾಗುವ ಸಂಭವವೇ ಹೆಚ್ಚು. 16 ಜಿಬಿಯ ಎರಡು ಕಡ್ಡಿಗಳನ್ನು, 6000 ವೇಗದವನ್ನು, ಹಾಕಿ ಸುಮ್ಮನಾಗುವುದು ಜಾಣತನ. 2025ರ ಕೊನೆಯ ತಿಂಗಳುಗಳಿಂದ ರ‍್ಯಾಮಿನ ಬೆಲೆ ವಿಪರೀತ ಏರಿರುವುದರಿಂದ ಹಣ ಸಾಲದೆ ಹೋದರೆ, 8 ಜಿಬಿಯ ಎರಡನ್ನು ಕೊಂಡು ಮುಂದೆ ಎಸೆಯುವ ಬದಲು, ಸದ್ಯಕ್ಕೆ 16 ಜಿಬಿಯ ಒಂದೇ ಕಡ್ಡಿ ಕೊಂಡು ಕೆಲವು ಫ್ರೇಮ್ ಕಳೆದುಕೊಳ್ಳಿ ಎನ್ನುತ್ತೇನೆ. ಬೆಲೆ ಇಳಿದಾಗ ಅದರ ಜೋಡಿ ತಂದರಾಯಿತು. ಇದಕ್ಕೆ ಎರಡು ಸ್ಲಾಟಿನ ಬೋರ್ಡೂ ಸಾಕು.

ಇನ್ನು ನಾನು ಬಿಟ್ಟುಕೊಡದ ಒಂದು ಸೌಕರ್ಯವಿದೆ: ಪ್ರೊಸೆಸರ್ ಇಲ್ಲದೆಯೇ ಬಯಾಸ್ ಬದಲಿಸುವ ಗುಂಡಿ. ಬೋರ್ಡಿನ ಹಿಂಭಾಗದಲ್ಲಿ, ಯುಎಸ್‌ಬಿ ಕಿಂಡಿಗಳ ಪಕ್ಕದಲ್ಲಿ, ‘ಬಯಾಸ್ ಫ್ಲ್ಯಾಶ್‌ಬ್ಯಾಕ್’ ಎಂದೋ ಅದನ್ನು ಹೋಲುವ ಬೇರೆ ಹೆಸರಿನಲ್ಲೋ ಅದು ಇರುತ್ತದೆ. ಪೆನ್‌ಡ್ರೈವನ್ನು ಎಫ್‌ಎಟಿ32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿ, ಬೋರ್ಡ್ ತಯಾರಕರ ತಾಣದಿಂದ ಇಳಿಸಿಕೊಂಡ ಫೈಲಿಗೆ ಕೈಪಿಡಿಯಲ್ಲಿ ಹೇಳಿದ ಹೆಸರು ಕೊಟ್ಟು, ಗುರುತು ಹಾಕಿರುವ ಕಿಂಡಿಗೆ ಸಿಕ್ಕಿಸಿ ಗುಂಡಿ ಒತ್ತಿದರೆ ಸಣ್ಣ ದೀಪವೊಂದು ಮಿನುಗುತ್ತಾ ಕೆಲಸ ಮುಗಿಸುತ್ತದೆ. ಮೂರು ವರ್ಷದ ನಂತರ ನೀವು ತರುವ ಹೊಸ ಪ್ರೊಸೆಸರನ್ನು ಹಳೆಯ ಬಯಾಸ್ ಗುರುತಿಸದೆ ಹೋದಾಗ ಇದರ ಬೆಲೆ ತಿಳಿಯುತ್ತದೆ. ಇವತ್ತಿಗೂ ಇದರ ಅಗತ್ಯ ಬೀಳಬಹುದು. 2023ರ ಏಪ್ರಿಲ್ ಹೊತ್ತಿಗೆ ಕೆಲವು ರೈಜೆನ್ 7000 ಎಕ್ಸ್3ಡಿ ಪ್ರೊಸೆಸರುಗಳು ಸಾಕೆಟ್ಟಿನಲ್ಲೇ ಸುಟ್ಟುಹೋದವು. ರ‍್ಯಾಮನ್ನು ಅದರ ಪೂರ್ಣ ವೇಗದಲ್ಲಿ ಓಡಿಸುವ ಎಕ್ಸ್‌ಪೋ ಎಂಬ ಆಯ್ಕೆಯನ್ನು ಒತ್ತಿದಾಗ ಬೋರ್ಡುಗಳು ಪ್ರೊಸೆಸರಿನ ಒಂದು ಭಾಗಕ್ಕೆ ಅತಿಯಾದ ವೋಲ್ಟೇಜ್ ಕೊಡುತ್ತಿದ್ದವು. ಆಮೇಲೆ ಹೊಸ ಬಯಾಸ್ ಮೂಲಕ ಅದನ್ನು 1.3 ವೋಲ್ಟಿಗೆ ಕಟ್ಟಿಹಾಕಿದರು. ಅಂಗಡಿಯ ಅಟ್ಟದ ಮೇಲೆ ಅಂದಿನಿಂದ ಕುಳಿತಿರುವ ಬೋರ್ಡ್ ನಿಮ್ಮ ಪಾಲಿಗೆ ಬಂದರೆ ಅದರಲ್ಲಿ ಹಳೆಯ ಬಯಾಸೇ ಇರುತ್ತದೆ. ಮೊದಲು ಬಯಾಸ್ ಬದಲಿಸಿ, ನಂತರ ಎಕ್ಸ್‌ಪೋ ಒತ್ತಿ. ಬಯಾಸ್ ಬದಲಾಗುತ್ತಿರುವಾಗ ಕರೆಂಟ್ ಹೋಗಬಾರದು; ಯುಪಿಎಸ್ ಇಲ್ಲದ ಮನೆಯಲ್ಲಿ ಮೋಡ ಕವಿದ ಸಂಜೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಉಳಿದವು ಸಣ್ಣ ಸಂಗತಿಗಳು. ಬೋರ್ಡಿನ ಮೇಲೇ ಮಲಗುವ ಎಂ.2 ಮಾದರಿಯ ಎಸ್‌ಎಸ್‌ಡಿಗೆ (ಫೈಲುಗಳನ್ನು ಇಡುವ ಡ್ರೈವ್) ಎರಡು ಜಾಗವಿರಲಿ. ಇಂದಿನ ಆಟಗಳಲ್ಲಿ ಕೆಲವು ಒಂದೊಂದೇ 100 ಜಿಬಿ ದಾಟುವುದರಿಂದ ಮೊದಲ ಎಸ್‌ಎಸ್‌ಡಿ ಬೇಗ ತುಂಬುತ್ತದೆ. ಹಾಸ್ಟೆಲಿನಲ್ಲೋ ಬಾಡಿಗೆ ಕೋಣೆಯಲ್ಲೋ ಕೇಬಲ್ ಎಳೆಯುವ ಅನುಕೂಲವಿಲ್ಲದಿದ್ದರೆ ವೈಫೈ ಇರುವ ಮಾದರಿಯನ್ನೇ ತೆಗೆದುಕೊಳ್ಳಿ, ಇದ್ದರೆ ಆ ಹಣ ಉಳಿಸಿ. ಗ್ರಾಫಿಕ್ಸ್ ಕಾರ್ಡ್ ಕೂರುವ ಸ್ಲಾಟಿನ ತಲೆಮಾರನ್ನು ಹೇಳುವ ಪಿಸಿಐಇ 5.0 ಎಂಬ ಅಂಕಿಗೆ ಮರುಳಾಗಬೇಡಿ. ನೀವು ಕೊಳ್ಳುವ ಮಟ್ಟದ ಕಾರ್ಡಿಗೆ 4.0 ಯಥೇಚ್ಛ. ಹಣ ಕೊಡುವ ಮೊದಲು ಆ ಬೋರ್ಡಿನ ಕೈಪಿಡಿಯನ್ನು ತಯಾರಕರ ತಾಣದಿಂದ ಇಳಿಸಿಕೊಂಡು ಅರ್ಧ ಗಂಟೆ ಓದಿ: ಯಾವ ಎಂ.2 ಜಾಗ ತುಂಬಿದರೆ ಯಾವ ಸಾಟಾ (ಹಳೆಯ ಮಾದರಿಯ ಡ್ರೈವುಗಳ) ಕಿಂಡಿ ಸತ್ತುಹೋಗುತ್ತದೆ ಎಂಬಂಥ ಗುಟ್ಟುಗಳು ಡಬ್ಬದ ಮೇಲೆ ಇರುವುದಿಲ್ಲ, ಅಲ್ಲಿರುತ್ತವೆ. ಪ್ರೊಸೆಸರುಗಳ ಬೆಂಬಲ ಪಟ್ಟಿಯೂ ಅದೇ ತಾಣದಲ್ಲಿರುತ್ತದೆ. ಮೂರು ವರ್ಷದ ನಂತರ ಹಾಕಬೇಕೆಂದಿರುವ ವರ್ಗದ ಪ್ರೊಸೆಸರ್ ಅದರಲ್ಲಿ ಇದೆಯೇ ಎಂದು ಇಂದೇ ನೋಡಿಕೊಳ್ಳಿ.

ಪ್ರಶ್ನೆ: ಮಾನ್ಯರೇ, ದ್ವಿತೀಯ ಪಿಯುಸಿ ಮುಗಿಸಿದ ನನ್ನ ಮಗ ಗೇಮಿಂಗ್ ಕಂಪ್ಯೂಟರ್ ಬೇಕೆಂದು ಹಟ ಹಿಡಿದಿದ್ದಾನೆ. ನನ್ನ ತಮ್ಮ ತನ್ನ ಹಳೆಯ ಬಿ450 ಬೋರ್ಡ್, ರೈಜೆನ್ 5 2600 ಪ್ರೊಸೆಸರ್ ಮತ್ತು 16 ಜಿಬಿ ರ‍್ಯಾಮನ್ನು ಕೊಡುವುದಾಗಿ ಹೇಳುತ್ತಾನೆ. ಮಗನಿಗೆ ಹಳೆಯದು ಬೇಡವಂತೆ. ಹಳೆಯ ಬೋರ್ಡಿನ ಮೇಲೆ ಹಣ ಹಾಕುವುದು ವ್ಯರ್ಥವೇ?
– ಗೃಹಿಣಿ, ಕುವೆಂಪುನಗರ, ಮೈಸೂರು

ಉತ್ತರ: ವ್ಯರ್ಥವಲ್ಲ ತಾಯಿ, ಸೋದರಮಾವನ ಉಡುಗೊರೆಯನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳಲು ಹೇಳಿ. ಬಿ450 2018ರ ಬೋರ್ಡ್. ಮೇಲಿನ ಉತ್ತರದಲ್ಲಿ ಹೇಳಿದ ಎಎಂ4 ಸಾಕೆಟ್ ಅದರಲ್ಲಿದೆ. ಬಯಾಸ್ ಬದಲಿಸಿದರೆ ರೈಜೆನ್ 5 5600 ಅದರಲ್ಲಿ ಚೆನ್ನಾಗಿ ಓಡುತ್ತದೆ, ಇರುವ ಡಿಡಿಆರ್4 ರ‍್ಯಾಮ್ ಹಾಗೆಯೇ ಉಳಿಯುತ್ತದೆ. ರ‍್ಯಾಮ್ ಇಷ್ಟು ದುಬಾರಿಯಾಗಿರುವ ಕಾಲದಲ್ಲಿ ಅದೊಂದೇ ದೊಡ್ಡ ಉಳಿತಾಯ. ಹೀಗೆ ಉಳಿದ ಹಣವನ್ನೆಲ್ಲ ಗ್ರಾಫಿಕ್ಸ್ ಕಾರ್ಡಿಗೂ ಒಳ್ಳೆಯ ಎಸ್‌ಎಂಪಿಎಸ್‌ಗೂ ಹಾಕಿದರೆ, ಎಲ್ಲವನ್ನೂ ಹೊಸದಾಗಿ ಕೊಂಡು ಸಣ್ಣ ಕಾರ್ಡ್ ಹಾಕಿದ ಗೆಳೆಯನ ಕಂಪ್ಯೂಟರಿಗಿಂತ ನಿಮ್ಮ ಮಗನದು ಆಟದಲ್ಲಿ ಮುಂದಿರುತ್ತದೆ. ಇದನ್ನು ಅವನಿಗೆ ಹೇಳಿ ನೋಡಿ, ಹಟ ಇಳಿಯಬಹುದು.

ಒಂದು ಕೊರತೆಯನ್ನು ಮುಚ್ಚಿಡಬಾರದು. ಬಿ450ರಲ್ಲಿ ಕಾರ್ಡಿನ ಸ್ಲಾಟ್ ಪಿಸಿಐಇ 3.0 ಮಾದರಿಯದು. ಇಂದಿನ ಕಡಿಮೆ ಬೆಲೆಯ ಕಾರ್ಡುಗಳಲ್ಲಿ ಹಲವು ಹದಿನಾರು ದಾರಿಗಳ ಬದಲು ಎಂಟೇ ದಾರಿಗಳಲ್ಲಿ ಬೋರ್ಡಿನ ಜೊತೆ ಮಾತನಾಡುತ್ತವೆ. ಹಳೆಯ ಸ್ಲಾಟಿನಲ್ಲಿ, ಮುಖ್ಯವಾಗಿ ಕಾರ್ಡಿನ ಸ್ವಂತ ಮೆಮೊರಿ ತುಂಬಿದಾಗ, ಅವು ಸ್ವಲ್ಪ ಮುಗ್ಗರಿಸುತ್ತವೆ. ಆದ್ದರಿಂದ 8 ಜಿಬಿಗಿಂತ ಹೆಚ್ಚು ಮೆಮೊರಿ ಇರುವ ಕಾರ್ಡ್ ಸಿಕ್ಕರೆ ಒಳ್ಳೆಯದು.

ಪ್ರೊಸೆಸರ್ ಬದಲಿಸುವವರಿಗೆ ಎರಡು ಎಚ್ಚರಿಕೆಗಳು. ಹಳೆಯ 2600 ಬೋರ್ಡಿನಲ್ಲಿ ಇರುವಾಗಲೇ ಬಯಾಸ್ ಬದಲಿಸಬೇಕು, ತೆಗೆದ ಮೇಲಲ್ಲ. ಇನ್ನೊಂದು: ಎಎಂ4ರಲ್ಲಿ ಸೂಜಿಯಂಥ ಪಿನ್‌ಗಳು ಇರುವುದು ಪ್ರೊಸೆಸರಿನ ತಳದಲ್ಲಿ. ಪ್ರೊಸೆಸರಿಗೂ ಕೂಲರಿಗೂ ನಡುವೆ ವರ್ಷಗಟ್ಟಲೆ ಒಣಗಿದ ಪೇಸ್ಟ್ ಅಂಟಿನಂತಾಗಿರುವಾಗ ಕೂಲರನ್ನು ನೇರವಾಗಿ ಮೇಲಕ್ಕೆ ಎಳೆದರೆ ಪ್ರೊಸೆಸರ್ ಕೂಡ ಅದರ ಜೊತೆಗೇ ಕಿತ್ತುಕೊಂಡು ಬಂದು ಪಿನ್ ಬಾಗುತ್ತದೆ. ಮೊದಲು ಕಂಪ್ಯೂಟರನ್ನು ಹತ್ತು ಹದಿನೈದು ನಿಮಿಷ ಓಡಿಸಿ ಬಿಸಿ ಮಾಡಿ, ಆರಿಸಿ, ಕೂಲರಿನ ಹಿಡಿಕೆ ಬಿಚ್ಚಿ, ಗಟ್ಟಿಯಾದ ಡಬ್ಬಿಯ ಮುಚ್ಚಳ ತಿರುಗಿಸುವಂತೆ ಎಡಕ್ಕೂ ಬಲಕ್ಕೂ ನಿಧಾನವಾಗಿ ತಿರುಗಿಸುತ್ತಾ ಬಿಡಿಸಬೇಕು. ನಾನು ಈ ತಪ್ಪನ್ನು ಒಮ್ಮೆ ಮಾಡಿ, ನಾಲ್ಕು ಪಿನ್‌ಗಳನ್ನು ಸೀಸದ ಕಡ್ಡಿ ತೆಗೆದ ಮೆಕ್ಯಾನಿಕಲ್ ಪೆನ್ಸಿಲಿನ ತುದಿಯಿಂದ ಒಂದೊಂದಾಗಿ ನೆಟ್ಟಗೆ ಮಾಡಲು ಒಂದು ಭಾನುವಾರ ಪೂರ್ತಿ ಕುಳಿತಿದ್ದೆ.

ಪ್ರಶ್ನೆ: ಮೊನ್ನೆ ಹೊಸದಾಗಿ ಜೋಡಿಸಿದೆ. ಎಎಂ5 ಬೋರ್ಡ್, 32 ಜಿಬಿ ರ‍್ಯಾಮ್. ಫ್ಯಾನ್‌ಗಳು ತಿರುಗುತ್ತವೆ, ಪರದೆಯಲ್ಲಿ ಏನೂ ಬರುವುದಿಲ್ಲ. ಹತ್ತಾರು ಸಲ ಆನ್-ಆಫ್ ಮಾಡಿದೆ. ಬೋರ್ಡ್ ಸತ್ತಿದೆ ಎಂದು ಹಿಂದಿರುಗಿಸಲೇ?
– ಉದ್ಯೋಗಿ, ಸರಸ್ವತಿಪುರಂ, ಮೈಸೂರು

ಉತ್ತರ: ಹಿಂದಿರುಗಿಸುವ ಮೊದಲು ಒಂದು ಸಲ ಆನ್ ಮಾಡಿ ಹದಿನೈದು ನಿಮಿಷ ಮುಟ್ಟದೆ ಕುಳಿತುಕೊಳ್ಳಿ.

ಕಳೆದ ವರ್ಷ ಶ್ರೀರಂಗಪಟ್ಟಣದ ಹುಡುಗನೊಬ್ಬ ಇದೇ ದೂರಿನೊಂದಿಗೆ, ಕ್ಯಾಬಿನೆಟ್ಟನ್ನು ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ನಮ್ಮ ಮನೆಗೆ ಬಂದಿದ್ದ. ಮೂರು ದಿನದಿಂದ ನಿದ್ದೆ ಇರಲಿಲ್ಲ, ಬೋರ್ಡನ್ನು ವಾಪಸು ಕಳಿಸಲು ಡಬ್ಬ ಕೂಡ ತಂದಿದ್ದ. ಊಟದ ಮೇಜಿನ ಮೇಲಿಟ್ಟು ಆನ್ ಮಾಡಿದೆವು. ರ‍್ಯಾಮಿನ ಪಕ್ಕದ ಹಳದಿ ದೀಪ ಹತ್ತಿಕೊಂಡಿತು, ಪರದೆ ಕಪ್ಪಾಗಿಯೇ ಇತ್ತು. ಒಂದು ನಿಮಿಷವಾಗುತ್ತಲೇ ಅವನ ಬೆರಳು ಪವರ್ ಗುಂಡಿಯತ್ತ ಹೋಯಿತು. ಕೈ ಹಿಡಿದು ನಿಲ್ಲಿಸಿ, ಕಾಫಿ ಮಾಡಿಕೊಂಡು ಬರುತ್ತೇನೆ, ಅಲ್ಲಿಯವರೆಗೆ ಮುಟ್ಟಬೇಡ ಎಂದೆ. ಡಿಕಾಕ್ಷನ್ ಇಳಿದು, ಹಾಲು ಕಾದು, ಲೋಟ ಹಿಡಿದು ಬರುವಷ್ಟರಲ್ಲಿ ಹಳದಿ ದೀಪ ಆರಿ ಪರದೆಯಲ್ಲಿ ಕಂಪನಿಯ ಚಿಹ್ನೆ ಬಂದಿತ್ತು. ಹುಡುಗ ಅದನ್ನೇ ನೋಡುತ್ತಾ ಕಾಫಿಯನ್ನು ಆರಿಸಿಬಿಟ್ಟ.

ನಡೆದುದು ಇಷ್ಟು. ಡಿಡಿಆರ್5 ರ‍್ಯಾಮನ್ನು ಮೊದಲ ಸಲ ಹಾಕಿದಾಗ ಬೋರ್ಡು ಆ ಕಡ್ಡಿಗಳ ಜೊತೆ ಯಾವ ಹೊಂದಾಣಿಕೆಯಲ್ಲಿ ಮಾತನಾಡಬೇಕೆಂದು ತಾನೇ ಪರೀಕ್ಷಿಸಿ ಕಲಿಯುತ್ತದೆ. ಇದಕ್ಕೆ ಮೆಮೊರಿ ಟ್ರೈನಿಂಗ್ ಎನ್ನುತ್ತಾರೆ. ಎಎಂ5 ಬೋರ್ಡುಗಳಲ್ಲಿ ಇದು ಹಲವು ನಿಮಿಷ ಹಿಡಿಯುತ್ತದೆ, ರ‍್ಯಾಮ್ ಹೆಚ್ಚಿದ್ದಷ್ಟೂ ತಡ. ಆ ಹುಡುಗ ಪ್ರತಿ ಸಲವೂ ನಿಮಿಷದೊಳಗೆ ಆರಿಸಿ, ಬೋರ್ಡು ಪ್ರತಿ ಸಲವೂ ಮೊದಲಿನಿಂದ ಕಲಿಯುವಂತೆ ಮಾಡಿದ್ದ.

ಹದಿನೈದು ನಿಮಿಷದ ನಂತರವೂ ಕಪ್ಪಾಗಿದ್ದರೆ ಮಾನಿಟರಿನ ಕೇಬಲ್ ಎಲ್ಲಿದೆ ನೋಡಿ. ಅದು ಗ್ರಾಫಿಕ್ಸ್ ಕಾರ್ಡಿನ ಕಿಂಡಿಯಲ್ಲಿರಬೇಕು. ನಿಮ್ಮದು 7500ಎಫ್‌ನಂಥ, ಹೆಸರಿನ ಕೊನೆಗೆ ಎಫ್ ಇರುವ ಪ್ರೊಸೆಸರ್ ಆಗಿದ್ದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲವಾದ್ದರಿಂದ ಬೋರ್ಡಿನ ಎಚ್‌ಡಿಎಂಐ ಕಿಂಡಿಯಿಂದ ಎಂದಿಗೂ ಚಿತ್ರ ಬರುವುದಿಲ್ಲ. ಬೋರ್ಡಿನ ಮೇಲಿನ ಮೂಲೆಯಲ್ಲಿ ಪ್ರೊಸೆಸರಿಗೆಂದೇ ಇರುವ 8 ಪಿನ್ನಿನ ಪವರ್ ಕೇಬಲನ್ನು ಹಾಕಲು ಮರೆತವರೂ ಬಹಳ, ಅದನ್ನೂ ನೋಡಿ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಎರಡು ಕಡ್ಡಿಗಳು ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿರಬೇಕು, ‘ಟಕ್’ ಎಂದು ಸದ್ದು ಬರುವವರೆಗೆ ಒತ್ತಿರಬೇಕು. ಇಷ್ಟೂ ಸರಿಯಿದ್ದು ಒಂದೇ ಕಡ್ಡಿಯಲ್ಲೂ ಏಳದಿದ್ದರೆ ಆಗ ಬೋರ್ಡನ್ನು ಅನುಮಾನಿಸಬಹುದು.

ಪ್ರಶ್ನೆ: ನಮ್ಮದು ತೋಟದ ಮನೆ. ಹೊಸ ಕಂಪ್ಯೂಟರಿನ ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಎನ್ನುತ್ತದೆ. ಪಂಪ್‌ಸೆಟ್‌ಗಳು ಓಡುವಾಗ ವೋಲ್ಟೇಜ್ ಕುಸಿಯುತ್ತದೆ. ಬೋರ್ಡಿನಲ್ಲಿ ದೋಷವೇ?
– ಕೃಷಿಕ, ಪಾಂಡವಪುರ ತಾಲ್ಲೂಕು

ಉತ್ತರ: ಜುಮ್ ಎನ್ನುವುದು ಬೋರ್ಡಿನ ದೋಷವಲ್ಲ; ನಿಮ್ಮ ಮನೆಯ ಅರ್ಥಿಂಗ್ ಸತ್ತಿದೆ. ಎಸ್‌ಎಂಪಿಎಸ್ ಒಳಗೆ ವಿದ್ಯುತ್ತಿನ ಗದ್ದಲವನ್ನು ಅರ್ಥಿಗೆ ಹರಿಸಲು ಇಟ್ಟಿರುವ ಸಣ್ಣ ಕೆಪಾಸಿಟರ್‌ಗಳಿರುತ್ತವೆ. ಹರಿಯಲು ಅರ್ಥ್ ಇಲ್ಲದಾಗ ಕ್ಯಾಬಿನೆಟ್ಟಿನ ಲೋಹ ಸುಮಾರು 115 ವೋಲ್ಟಿನಷ್ಟು, ಅಂದರೆ ಮನೆಯ ವಿದ್ಯುತ್ತಿನ ಅರ್ಧದಷ್ಟು ಏರಿ ನಿಲ್ಲುತ್ತದೆ. ಕರೆಂಟ್ ಅತ್ಯಲ್ಪವಾದ್ದರಿಂದ ಜುಮ್ ಎಂದಷ್ಟೇ ಅನ್ನಿಸುತ್ತದೆ. ಆದರೆ ನಾಳೆ ಎಸ್‌ಎಂಪಿಎಸ್ ಒಳಗೆ ನಿಜವಾದ ದೋಷ ಬಂದರೆ ಕಾಪಾಡಲು ಏನೂ ಇರುವುದಿಲ್ಲ, ಅಲ್ಲಿಯವರೆಗೆ ಪೆನ್‌ಡ್ರೈವ್ ಸಿಕ್ಕಿಸುವಾಗಲೆಲ್ಲ ಬೋರ್ಡಿನ ಕಿಂಡಿಗಳಿಗೂ ಅಪಾಯವಿದೆ. ಬಲ್ಲ ಎಲೆಕ್ಟ್ರಿಷಿಯನ್ನರಿಂದ ಅರ್ಥ್ ಗುಂಡಿಯನ್ನು ಪರೀಕ್ಷೆ ಮಾಡಿಸಿ. ಗುಂಡಿಗೆ ನೀರು ಬೀಳದೆ ಒಣಗಿರುವುದೋ, ತಂತಿ ತುಕ್ಕು ಹಿಡಿದು ತುಂಡಾಗಿರುವುದೋ ಸಾಮಾನ್ಯ ಕಾರಣ. ಮೀಟರಿನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟಿಗಿಂತ ಹೆಚ್ಚು ಕಾಣದಿದ್ದರೆ ಒಳ್ಳೆಯದು. ಸಾಕೆಟ್ಟಿನಲ್ಲೇ ನ್ಯೂಟ್ರಲನ್ನು ಅರ್ಥಿಗೆ ಸೇರಿಸಿ ‘ಸರಿಯಾಯಿತು’ ಎನ್ನುವವರು ಕೆಲವರಿದ್ದಾರೆ, ಅದು ಪ್ರಾಣಕ್ಕೆ ಅಪಾಯ, ಹಾಗೆ ಮಾಡಲು ಖಂಡಿತ ಬಿಡಬೇಡಿ.

ವೋಲ್ಟೇಜ್ ಕುಸಿಯುವುದನ್ನು ಒಳ್ಳೆಯ ಎಸ್‌ಎಂಪಿಎಸ್ ತಾನೇ ತಾಳಿಕೊಳ್ಳುತ್ತದೆ. ಹಲವುಗಳ ಮೇಲೆ 100ರಿಂದ 240 ವೋಲ್ಟ್ ಎಂದು ಬರೆದಿರುತ್ತದೆ, ನಿಮ್ಮದರ ಮೇಲಿನ ಚೀಟಿ ನೋಡಿಕೊಳ್ಳಿ. ಪಂಪುಗಳೆಲ್ಲ ಒಟ್ಟಿಗೆ ನಿಂತಾಗ ವೋಲ್ಟೇಜ್ ಜಿಗಿಯುತ್ತದಲ್ಲ, ಹೆದರಬೇಕಾದುದು ಅದಕ್ಕೆ. ಯುಪಿಎಸ್ ಕೊಳ್ಳುವುದಾದರೆ 600 ವಿಎ ಸಾಲುವುದು ಕಷ್ಟ. ಅವು ಸಾಮಾನ್ಯವಾಗಿ 360 ವ್ಯಾಟಿನವು, ಆಟದ ಹೊತ್ತಿನಲ್ಲಿ ಕಂಪ್ಯೂಟರೂ ಮಾನಿಟರೂ ಸೇರಿ 300 ವ್ಯಾಟ್ ಮುಟ್ಟಬಹುದು, ಉಳಿಯುವ ಅಂತರ ಬಹಳ ಕಡಿಮೆ. 1000 ವಿಎ ತೆಗೆದುಕೊಳ್ಳಿ. ಮನೆಯ ಇನ್ವರ್ಟರಿಗೇ ಸೇರಿಸುವುದಾದರೆ ಅದರ ಹಿಂದಿನ ಸ್ವಿಚ್ಚನ್ನು ‘ಯುಪಿಎಸ್’ ಕಡೆ ತಿರುಗಿಸಿ, ಇಲ್ಲದಿದ್ದರೆ ಕರೆಂಟ್ ಹೋದಾಗ ಅದು ಎಚ್ಚೆತ್ತುಕೊಳ್ಳುವಷ್ಟರಲ್ಲಿ ಕಂಪ್ಯೂಟರ್ ಆರಿರುತ್ತದೆ.

ಪ್ರಶ್ನೆ: ಬೋರ್ಡನ್ನು ಮೈಸೂರಿನಲ್ಲೇ ಕೊಳ್ಳಲೇ, ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋಗಲೇ, ಆನ್‌ಲೈನ್‌ನಲ್ಲಿ ತರಿಸಲೇ? ಬಿಲ್ ಇಲ್ಲದೆ 18 ಪರ್ಸೆಂಟ್ ಕಡಿಮೆಗೆ ಕೊಡುವುದಾಗಿ ಒಬ್ಬರು ಹೇಳಿದರು.
– ಓದುಗ, ನಂಜನಗೂಡು

ಉತ್ತರ: ಆ 18 ಪರ್ಸೆಂಟ್ ಜಿಎಸ್‌ಟಿ. ಅದನ್ನು ಉಳಿಸಿದ ದಿನ ವಾರಂಟಿಯನ್ನೂ ಬಿಟ್ಟುಕೊಟ್ಟಂತೆ. ಬೋರ್ಡುಗಳಿಗೆ ಸಾಮಾನ್ಯವಾಗಿ ಮೂರು ವರ್ಷದ ವಾರಂಟಿ ಇರುವುದರಿಂದ ಇದು ದುಬಾರಿ ಉಳಿತಾಯ. ಬೆಲೆ ಒಂದೆರಡು ಸಾವಿರ ಹೆಚ್ಚಾದರೂ ಹತ್ತಿರದ ಅಂಗಡಿಯಲ್ಲೇ ಕೊಳ್ಳಿ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಬೋರ್ಡಿನ ತಕರಾರು ಬರೀ ಮಾತಿನಲ್ಲಿ ಬಗೆಹರಿಯುವಂಥದಲ್ಲ, ಎದುರಿಗೆ ಇಟ್ಟು ತೋರಿಸಬೇಕಾಗುತ್ತದೆ. ಬಿಲ್ಲಿನಲ್ಲಿ ಬೋರ್ಡಿನ ಸೀರಿಯಲ್ ನಂಬರ್ ಬರೆಸಿ, ಡಬ್ಬದ ಮೇಲಿನದಕ್ಕೆ ತಾಳೆ ನೋಡಿ. ಎಎಂ5 ಮತ್ತು ಇಂಟೆಲ್ ಬೋರ್ಡುಗಳಲ್ಲಿ ಪಿನ್‌ಗಳು ಸಾಕೆಟ್ಟಿನಲ್ಲೇ ಇರುತ್ತವೆ, ಬಾಗಿದರೆ ವಾರಂಟಿ ಸಿಗುವುದು ಕಷ್ಟ. ಅದಕ್ಕೆ ಅಂಗಡಿಯ ಮೇಜಿನ ಮೇಲೇ ಕಪ್ಪು ಪ್ಲಾಸ್ಟಿಕ್ ಮುಚ್ಚಳ ತೆಗೆಸಿ, ಮೊಬೈಲಿನ ಬೆಳಕು ಓರೆಯಾಗಿ ಬಿಟ್ಟು, ಸಾಲುಗಳು ಒಂದೇ ಸಮ ಇವೆಯೇ ನೋಡಿ ಒಂದು ಫೋಟೋ ತೆಗೆದುಕೊಳ್ಳಿ. ಆನ್‌ಲೈನ್‌ನಲ್ಲಿ ತರಿಸಿದರೆ ಡಬ್ಬ ಬಿಚ್ಚುವುದರಿಂದ ಸಾಕೆಟ್ ಕಾಣುವವರೆಗೆ ನಿಲ್ಲಿಸದೆ ವಿಡಿಯೋ ಮಾಡಿ. ಜೋಡಿಸಿದ ಮೇಲೆ ಆ ಮುಚ್ಚಳವನ್ನು ಎಸೆಯಬೇಡಿ, ಬಿಲ್ಲಿನ ಜೊತೆ ಡಬ್ಬದಲ್ಲಿಡಿ. ಸರ್ವಿಸ್ ಸೆಂಟರಿನವರು ಬೋರ್ಡಿನ ಜೊತೆಗೆ ಅದನ್ನೂ ಕೇಳುತ್ತಾರೆ.